ಯಾವ ಹೆಸರಿನಲ್ಲಿ ಹುಡುಕುವುದು?

ಕೇಳುಗರಿಗೆ ನಮಸ್ಕಾರ.

ಕಾಲೇಜುಗಳಲ್ಲಿ ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರ ಬಂದಂತೆ ಗ್ರಂಥಾಲಯದ ಮೆಟ್ಟಿಲು ಹತ್ತುವವರು ಹೆಚ್ಚುತ್ತಾರೆ. ಅವರಲ್ಲಿ ಬಹುಪಾಲು ಮಂದಿ ಪುಸ್ತಕಕ್ಕಾಗಿ ಬಂದವರಲ್ಲ. ಫ್ಯಾನಿನ ಗಾಳಿ, ಮೊಬೈಲ್ ಚಾರ್ಜ್ ಮಾಡಲು ಒಂದು ಪ್ಲಗ್, ಪುಕ್ಕಟೆ ವೈಫೈ, ಇಷ್ಟು ಸಿಕ್ಕಿದರೆ ಅವರ ಸಂಶೋಧನೆ ಸಾಗುತ್ತದೆ. ದೂರು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಗ್ರಂಥಪಾಲಕಿಯಾಗಿ ದುಡಿದು ನಿವೃತ್ತಳಾದ ನನಗೆ, ಯಾವ ನೆಪದಲ್ಲಾದರೂ ಸರಿ, ಒಳಗೆ ಬಂದವರು ಬಂದವರೇ. ನನ್ನ ತಕರಾರು ಬೇರೆ. ಮೊಬೈಲಿನಲ್ಲಿ ಒಂದು ಪದ ಒತ್ತಿ, ಬಂದದ್ದನ್ನು ಪ್ರಬಂಧಕ್ಕೆ ಸುರಿದು, ಬಾರದ್ದಕ್ಕೆ ‘ಮಾಹಿತಿ ಲಭ್ಯವಿಲ್ಲ’ ಎಂದು ಷರಾ ಬರೆದು ಕೈತೊಳೆದುಕೊಳ್ಳುತ್ತಾರಲ್ಲ, ಅದು. ನಮ್ಮ ಕರಾವಳಿಯ ಮಟ್ಟಿಗೆ ಮಾಹಿತಿ ಇಲ್ಲವೇ ಇಲ್ಲ ಎನ್ನುವುದು ಅಪರೂಪ. ಅದು ಬೇರೆ ಹೆಸರಿನಲ್ಲಿ, ಬೇರೆ ಊರಿನಲ್ಲಿ, ಬೇರೆ ಯಾರದೋ ವಶದಲ್ಲಿ ಇರುತ್ತದೆ.

ಒಂದೇ ಉದಾಹರಣೆಯನ್ನು ಹಿಡಿದುಕೊಂಡು ಹೋಗೋಣ. ಮಂಗಳೂರು ಹಂಚಿನ ಕಾರ್ಖಾನೆಗಳು ಮತ್ತು ಅಲ್ಲಿ ದುಡಿದ ಕಾರ್ಮಿಕರು. ಬಿ.ಎ. ವಿದ್ಯಾರ್ಥಿಯೊಬ್ಬನಿಗೆ ಈ ವಿಷಯ ಬಂದಿದೆ ಎಂದುಕೊಳ್ಳಿ. ‘ಮಂಗಳೂರು ಹಂಚು’ ಎಂದು ಹುಡುಕಿದ ಕೂಡಲೇ ಅವನ ಕಣ್ಣಿಗೆ ಬೀಳುವುದು ಹಂಚು ಮಾರುವವರ ಜಾಹೀರಾತು. ಅದನ್ನು ದಾಟಿ ಕೆಳಗಿಳಿದರೆ ಇತಿಹಾಸದ ನಾಲ್ಕು ಸಾಲು: 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಆರಂಭಿಸಿದರು, ನದಿ ದಂಡೆಯ ಜೇಡಿಮಣ್ಣು ಅದಕ್ಕೆ ಒದಗಿತು, ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ ನಿಲ್ದಾಣದ ಚಾವಣಿಗೂ ಇದೇ ಹಂಚು ಹೋಯಿತು. ಮುಂದಿನ ಪುಟ ತೆರೆದರೂ ಇದೇ ನಾಲ್ಕು ಸಾಲು. ಅದರ ಮುಂದಿನದರಲ್ಲೂ ಇದೇ. ಇಷ್ಟೊಂದು ಜನ ಹೇಳಿದ್ದಾರೆಂದ ಮೇಲೆ ಸರಿಯೇ ಇರಬೇಕು ಎಂದು ಹುಡುಗ ತೀರ್ಮಾನಿಸುತ್ತಾನೆ. ಒಂದೇ ಬಾವಿಯ ನೀರು ಹತ್ತು ಕೊಡಗಳಲ್ಲಿ ಬಂದರೆ ಹತ್ತು ಬಾವಿ ಆಗುವುದಿಲ್ಲವಲ್ಲ. ಮುಂಬಯಿ ನಿಲ್ದಾಣದ ಸಂಗತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಯಾವ ಕಾಗದ ನೋಡಿ ಹೇಳಿದಿರಿ ಎಂದು ಆ ಪುಟಗಳನ್ನು ಕೇಳಿದರೆ ಒಂದಾದರೂ ಬಾಯಿ ಬಿಡುತ್ತದೆಯೇ? ಆ ಪ್ರಶ್ನೆ ಕೇಳಲು ಕಲಿತ ವಿದ್ಯಾರ್ಥಿಗೆ ಅರ್ಧ ಕೆಲಸ ಕಲಿಸಿದಂತೆಯೇ.

ಹಂಚನ್ನೇ ಮಗುಚಿ ನೋಡಿ. ಹಳೆಯ ಮನೆಯ ಮಾಡಿನಿಂದ ಇಳಿಸಿದ ಬಾಸೆಲ್ ಮಿಷನ್ ಹಂಚಿನ ಮೇಲೆ ಕಾರ್ಖಾನೆಯ ಹೆಸರಿನ ಜೊತೆಗೆ 1865 ಎಂಬ ಅಂಕೆಯನ್ನೂ ಒತ್ತಿರುತ್ತಾರೆ. ಅದನ್ನು ಕಂಡವರು ‘ನಮ್ಮ ಮನೆಯ ಹಂಚು 1865ರದ್ದು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು; ಪ್ರಬಂಧಗಳಲ್ಲಿಯೂ ಹಾಗೆ ಬರೆದುಬಿಡುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ. ಹಂಚು ಸುಟ್ಟದ್ದು ಎಷ್ಟೋ ದಶಕಗಳ ಅನಂತರವೂ ಇರಬಹುದು. ಸ್ವತಃ ಕೈಯಲ್ಲಿ ಹಿಡಿದ ವಸ್ತುವೂ ನಾವು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ದಾರಿ ತಪ್ಪಿಸಬಲ್ಲದು. ಹಾಗಿರುವಾಗ ಮೊಬೈಲನ್ನು ಮಾತ್ರ ಬೈದು ಪ್ರಯೋಜನವಿಲ್ಲ.

ಈಗ ಗ್ರಂಥಾಲಯಕ್ಕೆ ಬರೋಣ. ಮೊದಲಿದ್ದ ಮರದ ಡ್ರಾಯರುಗಳು, ಅದರೊಳಗೆ ಕಂಬಿಗೆ ಪೋಣಿಸಿದ ಕಾರ್ಡುಗಳು ಈಗ ಹೆಚ್ಚಿನ ಕಾಲೇಜುಗಳಲ್ಲಿ ಇಲ್ಲ. ಕಂಪ್ಯೂಟರಿನಲ್ಲಿ ಕ್ಯಾಟಲಾಗ್ ಇದೆ. ಒಳ್ಳೆಯದೇ ಆಯಿತು, ಮಳೆಗಾಲದಲ್ಲಿ ಆ ಕಾರ್ಡುಗಳಿಗೆ ಹಿಡಿಯುತ್ತಿದ್ದ ಬೂಷ್ಟನ್ನು ಒರೆಸಿದವರಿಗೇ ಗೊತ್ತು. ಆದರೆ ಕಂಪ್ಯೂಟರಿನಲ್ಲಿ ‘ಹಂಚು’ ಎಂದು ಒತ್ತಿದರೆ ಹೆಸರಿನಲ್ಲಿ ಹಂಚು ಇರುವ ಪುಸ್ತಕ ಮಾತ್ರ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ವಿಷಯಕ್ಕೊಂದು ಅಂಕೆ ಕೊಟ್ಟು ಪುಸ್ತಕಗಳನ್ನು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ನಮ್ಮ ಹುಡುಗನ ಒಂದೇ ವಿಷಯ ಎಷ್ಟು ಕಪಾಟುಗಳಿಗೆ ಹಂಚಿಹೋಗಿದೆ ನೋಡಿ. ಮಣ್ಣು ಸುಟ್ಟು ವಸ್ತು ಮಾಡುವ ತಂತ್ರ 666ರಲ್ಲಿ. ಕಾರ್ಮಿಕರ ಸಂಗತಿ 331ರಲ್ಲಿ. ಕ್ರೈಸ್ತ ಮಿಷನ್‌ಗಳ ಚರಿತ್ರೆ 266ರಲ್ಲಿ. ಕರ್ನಾಟಕದ ಇತಿಹಾಸ 954.87ರಲ್ಲಿ. ಈ ನಾಲ್ಕು ಕಡೆ ಹೋಗಿ ನಿಲ್ಲಬೇಕು, ನಿಂತು ಅಕ್ಕಪಕ್ಕದ ಪುಸ್ತಕಗಳ ಬೆನ್ನು ಓದಬೇಕು. ನಮಗೆ ಬೇಕಾದದ್ದು ಅನೇಕ ಸಲ ನಾವು ಹುಡುಕಿಕೊಂಡು ಹೋದ ಪುಸ್ತಕದಲ್ಲಿ ಇರುವುದಿಲ್ಲ, ಅದರ ಪಕ್ಕದ್ದರಲ್ಲಿ ಇರುತ್ತದೆ.

ಒಂದು ವಿಷಯವನ್ನು ಒಂದೇ ಗೂಡಿಗೆ ತುರುಕುವ ಈ ತೊಡಕು ಕಾಡಿದವರಲ್ಲಿ ನಮ್ಮ ಎಸ್.ಆರ್. ರಂಗನಾಥನ್ ಅವರೂ ಒಬ್ಬರು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಅವರನ್ನು ಕೊಂಡಾಡುವವರಿಗೂ ಅವರಿಗೆ ಮಂಗಳೂರಿನ ನಂಟಿತ್ತೆಂಬುದು ಮರೆತುಹೋಗಿರುತ್ತದೆ. 1917ರಲ್ಲಿ ಅವರು ಇಲ್ಲಿನ ಸರಕಾರಿ ಕಾಲೇಜಿಗೆ, ಅಂದರೆ ಹಂಪನಕಟ್ಟೆಯ ಈಗಿನ ವಿಶ್ವವಿದ್ಯಾನಿಲಯ ಕಾಲೇಜಿಗೆ, ಗಣಿತದ ಮೇಷ್ಟ್ರಾಗಿ ಬಂದಿದ್ದರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಆ ಕೆಲಸ ಅವರಿಗೆ ಮೊದಮೊದಲು ಹಿಡಿಸಲೇ ಇಲ್ಲ, ಪಾಠ ಹೇಳುವುದಕ್ಕೇ ಮರಳುತ್ತೇನೆಂದು ಪಟ್ಟು ಹಿಡಿದರಂತೆ. 1933ರಲ್ಲಿ ಅವರು ರೂಪಿಸಿದ ಕೋಲನ್ ವರ್ಗೀಕರಣವು ಒಂದು ವಿಷಯದ ಹಲವು ಮುಖಗಳನ್ನು ಬಿಡಿಸಿ ಮತ್ತೆ ಜೋಡಿಸುವ ಉಪಾಯ. ನಮ್ಮ ಕಾಲೇಜುಗಳು ಡ್ಯೂಯಿಯನ್ನೇ ನೆಚ್ಚಿಕೊಂಡವು, ಆ ಮಾತು ಬೇರೆ.

ಪುಸ್ತಕ ಕೈಗೆ ಬಂದ ಮೇಲೆ ಅದನ್ನು ಹಿಂದಿನಿಂದ ತೆರೆಯಿರಿ. ಪದಸೂಚಿ, ಗ್ರಂಥಸೂಚಿ, ಅಡಿಟಿಪ್ಪಣಿ, ಇವು ಮೂರು ಮುಂದಿನ ದಾರಿ ತೋರಿಸುತ್ತವೆ. ಪದಸೂಚಿಯಲ್ಲಿ ಹಂಚು ಸಿಗದಿದ್ದರೆ ಮಿಷನ್ ಎಂಬಲ್ಲಿ ನೋಡಿ, ಉದ್ದಿಮೆ ಎಂಬಲ್ಲಿ ನೋಡಿ, ನೇತ್ರಾವತಿ ಎಂಬಲ್ಲಿ ನೋಡಿ. ಇಲ್ಲಿ ನಮ್ಮ ಪ್ರಕಾಶಕರ ಮೇಲೆ ಒಂದು ಅಸಮಾಧಾನ ಹೇಳಲೇಬೇಕು. ಕನ್ನಡದ ಎಷ್ಟೋ ಒಳ್ಳೆಯ ಸಂಶೋಧನ ಗ್ರಂಥಗಳಿಗೆ ಪದಸೂಚಿಯೇ ಇರುವುದಿಲ್ಲ. ಮುನ್ನುಡಿ, ಬೆನ್ನುಡಿ, ಆಶೀರ್ವಚನ, ಎಲ್ಲದಕ್ಕೂ ಪುಟ ಇರುತ್ತದೆ. ಓದುವವನ ಹೊತ್ತು ಉಳಿಸುವ ನಾಲ್ಕು ಪುಟಕ್ಕೆ ಮಾತ್ರ ಕಾಗದದ ಬೆಲೆ ನೆನಪಾಗುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳದ್ದೂ ಇದೇ ಪಾಡು. ಅವುಗಳಲ್ಲಿ ಬಹಳಷ್ಟು ಬರೀ ಪುಟಗಳ ಚಿತ್ರ. ಒಳಗಿನ ಪದ ಹುಡುಕಿದರೆ ಬರುವುದಿಲ್ಲ. ಬರಲಿಲ್ಲವೆಂದರೆ ಪುಸ್ತಕದಲ್ಲಿ ಇಲ್ಲವೆಂದಲ್ಲ. ಕುಳಿತು ಪರಿವಿಡಿ ಓದಬೇಕು, ಪುಟ ತಿರುವಬೇಕು.

ಇನ್ನು ಹೆಸರಿನ ಮಾತು. ನಮ್ಮ ಹುಡುಗ ‘ದಕ್ಷಿಣ ಕನ್ನಡ, ಕರ್ನಾಟಕ’ ಎಂದು ಹುಡುಕುತ್ತಾನೆ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ದಕ್ಷಿಣ ಕೆನರಾ ಎಂಬ ಹೆಸರಿನಲ್ಲಿ ಮದ್ರಾಸಿನ ಜೊತೆಗಿತ್ತು. 1862ರಲ್ಲಿ ಉತ್ತರ ಕೆನರಾ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. ಹೀಗಾಗಿ 1951ರವರೆಗಿನ ನಮ್ಮ ಜನಗಣತಿ ಮದ್ರಾಸಿನ ಸಂಪುಟಗಳಲ್ಲಿ ಇದೆ. ಸರಕಾರಿ ಕಡತಗಳನ್ನು ಚೆನ್ನೈಯ ಎಗ್ಮೋರಿನಲ್ಲಿರುವ ಪತ್ರಾಗಾರದಲ್ಲಿ ಕೇಳಬೇಕು. ಬೆಂಗಳೂರಿನಲ್ಲಿ ಹುಡುಕಿ ಸೋತವರು ದಾರಿ ತಪ್ಪಿದ್ದು ಅಲ್ಲಿಯೇ. ಇಂಗ್ಲಿಷಿನಲ್ಲಿ ಕೆನರಾವನ್ನು ಒಬ್ಬರು ಸಿ ಅಕ್ಷರದಿಂದ, ಇನ್ನೊಬ್ಬರು ಕೆ ಅಕ್ಷರದಿಂದ ಬರೆದಿದ್ದಾರೆ. ಎರಡನ್ನೂ ಒತ್ತಿ ನೋಡದಿದ್ದರೆ ಅರ್ಧ ದಾಖಲೆ ಕೈತಪ್ಪುತ್ತದೆ. ಮಂಗಳೂರು ಇಂಗ್ಲಿಷಿನಲ್ಲಿಯೂ ಅಧಿಕೃತವಾಗಿ ಮಂಗಳೂರು ಎನಿಸಿದ್ದು 2014ರಲ್ಲಿ. ಉಡುಪಿ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ, ಆದ್ದರಿಂದ ‘ಉಡುಪಿ ಜಿಲ್ಲೆಯ 1901ರ ಜನಸಂಖ್ಯೆ’ ಎಂದು ಹುಡುಕುವವರು ಮೊದಲು ಆಗಿನ ತಾಲೂಕುಗಳ ಲೆಕ್ಕ ತೆಗೆಯಬೇಕು.

ಹಂಚಿನ ಕಾರ್ಖಾನೆಯೂ ಹೆಸರು ಬದಲಾಯಿಸಿದೆ. 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಇಲ್ಲಿದ್ದ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು. ಮಿಷನ್ನಿನ ಉದ್ದಿಮೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಹೋದವು. ಅಲ್ಲಿಂದಾಚೆಗಿನ ಕಾಗದಪತ್ರಗಳನ್ನು ಬಾಸೆಲ್ ಹೆಸರಿನಲ್ಲಿ ಹುಡುಕಿದರೆ ಕಾರ್ಖಾನೆಯೇ ಮುಚ್ಚಿಹೋಗಿತ್ತೇನೋ ಎನ್ನಿಸುತ್ತದೆ. ಮಾಲೀಕರು ಬದಲಾಗಿದ್ದರು.

ಇಷ್ಟು ಗೊತ್ತಾದ ಮೇಲೆ ಇಂಟರ್ನೆಟ್ ಎಷ್ಟು ಉಪಕಾರಿ ಎಂಬುದನ್ನು ನೋಡಿ. ಬಾಸೆಲಿನಲ್ಲಿರುವ ಮಿಷನ್ ಪತ್ರಾಗಾರದ ಹಳೆಯ ಛಾಯಾಚಿತ್ರಗಳನ್ನು ಉಡುಪಿಯ ಬಸ್ ನಿಲ್ದಾಣದಲ್ಲಿ ಕುಳಿತು ನೋಡಬಹುದು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಅದನ್ನು ನೋಡಲು ಸ್ವಿಟ್ಜರ್ಲೆಂಡಿಗೆ ಹೋಗಬೇಕಿತ್ತು. ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿವೆ. ಅವುಗಳ ಕೊನೆಯ ಗ್ರಂಥಸೂಚಿಯನ್ನು ಓದಿದರೆ ಯಾರದೋ ವರ್ಷಗಟ್ಟಲೆಯ ಅಲೆದಾಟದ ಫಲ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಸ್ಟರಕ್ ಎಂಬ ಅಧಿಕಾರಿ 1894ರಲ್ಲಿ ಹೊರತಂದ ದಕ್ಷಿಣ ಕೆನರಾ ಜಿಲ್ಲಾ ಕೈಪಿಡಿಯನ್ನೂ ಹೀಗೆಯೇ ಪತ್ತೆ ಮಾಡಬಹುದು. ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದೂ ಅದೇ ವರ್ಷ.

ಈಚೆಗೆ ಹೊಸದೊಂದು ಫಜೀತಿ ಸೇರಿಕೊಂಡಿದೆ. ನಿವೃತ್ತಿಯಾದರೂ ನೆರೆಹೊರೆಯ ಮಕ್ಕಳು ನನ್ನನ್ನು ಬಿಟ್ಟಿಲ್ಲ. ಒಬ್ಬ ಹುಡುಗಿ ಅಚ್ಚುಕಟ್ಟಾದ ಪಟ್ಟಿ ತಂದಳು: ಲೇಖಕರು, ವರ್ಷ, ಪ್ರಕಾಶಕರು, ಪುಟಸಂಖ್ಯೆ, ಎಲ್ಲ ಒಪ್ಪವಾಗಿತ್ತು. ‘ಮೇಡಂ, ಇವು ಯಾವ ಗ್ರಂಥಾಲಯದಲ್ಲಿ ಸಿಗುತ್ತವೆ?’ ಎಂದಳು. ಒಂದು ಶೀರ್ಷಿಕೆ ಎಷ್ಟು ಸೊಗಸಾಗಿತ್ತೆಂದರೆ ನನಗೇ ಓದುವ ಆಸೆಯಾಯಿತು. ಹುಡುಕಿದೆವು. ಅಂಥ ಪುಸ್ತಕವನ್ನು ಯಾರೂ ಬರೆದೇ ಇಲ್ಲ. ಕೃತಕ ಬುದ್ಧಿಮತ್ತೆಯ ಆ್ಯಪ್ ಒಂದು ಅದನ್ನು ಹೊಸೆದು ಕೊಟ್ಟಿತ್ತು. ಇದಕ್ಕೆ ಮದ್ದು ಸುಲಭ. ದೇಶದ ವಿಶ್ವವಿದ್ಯಾನಿಲಯ ಗ್ರಂಥಾಲಯಗಳ ಪುಸ್ತಕಗಳನ್ನು ಒಟ್ಟಿಗೆ ತೋರಿಸುವ ಇಂಡ್‌ಕ್ಯಾಟ್ ಇದೆ, ಜಗತ್ತಿನ ಗ್ರಂಥಾಲಯಗಳದ್ದನ್ನು ತೋರಿಸುವ ವರ್ಲ್ಡ್‌ಕ್ಯಾಟ್ ಇದೆ. ಎರಡರಲ್ಲೂ ಕಾಣದ ಪುಸ್ತಕದ ಮೇಲೆ ಗುಮಾನಿ ಇರಲಿ. ಕರಾವಳಿಯ ಸಣ್ಣ ಪ್ರಕಾಶಕರ ಪುಸ್ತಕಗಳು ಅಲ್ಲಿಗೆ ತಲುಪಿರುವುದಿಲ್ಲ ಎಂಬುದೂ ನಿಜ. ಆಗ ಗೊತ್ತಿದ್ದವರನ್ನು ಕೇಳುವುದೇ ದಾರಿ. ಪ್ರಬಂಧದಲ್ಲಿ ಹಾಕುವ ಪುಟಸಂಖ್ಯೆಯನ್ನಂತೂ ಕಣ್ಣಾರೆ ಆ ಪುಟ ಕಂಡ ಮೇಲೆಯೇ ಬರೆಯಬೇಕು. ಈ ಒಂದು ನಿಯಮದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ಹಂಚಿನ ಬೆನ್ನು ಹತ್ತಿದವರು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೆ ಹೋಗಲೇಬೇಕು. ಬಾಸೆಲ್ ಮಿಷನ್ನಿನ ಹಳೆಯ ಮುದ್ರಣಗಳು ಅಲ್ಲಿವೆ. ಕಾರ್ಮಿಕರ ತುಳು ಮಾತಿನಲ್ಲಿ ಎಡವಿದರೆ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿರುವ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಹೊರತಂದ ಆರು ಸಂಪುಟಗಳ ತುಳು ನಿಘಂಟು ಇದೆ. ಇಂಥ ಕಡೆಗೆ ಹೋಗುವ ಮೊದಲು ಫೋನ್ ಮಾಡಿ. ಕಾಲೇಜಿನ ಪತ್ರ, ಗುರುತಿನ ಚೀಟಿ ಜೊತೆಗಿರಲಿ. ಪೆನ್ನು ಚೀಲದಲ್ಲೇ ಇರಲಿ, ಪೆನ್ಸಿಲ್ ಒಯ್ಯಿರಿ; ನೂರು ವರ್ಷದ ಕಾಗದದ ಮೇಲೆ ಶಾಯಿ ಚೆಲ್ಲಿದರೆ ಯಾರೂ ಕ್ಷಮಿಸುವುದಿಲ್ಲ. ಮೊಬೈಲಿನಲ್ಲಿ ಪುಟದ ಚಿತ್ರ ತೆಗೆಯುವ ಮೊದಲು ಅನುಮತಿ ಕೇಳಿ, ತೆಗೆದ ಮೇಲೆ ಪುಸ್ತಕದ ಶೀರ್ಷಿಕೆ ಪುಟದ ಚಿತ್ರವನ್ನೂ ತೆಗೆದುಕೊಳ್ಳಿ. ಮನೆಗೆ ಹೋಗಿ ಯಾವ ಪುಟ ಯಾವ ಪುಸ್ತಕದ್ದೆಂದು ತಲೆ ಕೆರೆದುಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅಲ್ಲಿನ ಸಿಬ್ಬಂದಿಯನ್ನು ‘ಹಂಚಿನ ಬಗ್ಗೆ ಏನಾದರೂ ಇದೆಯೇ’ ಎಂದು ಕೇಳಬೇಡಿ. ‘1890ರ ಆಸುಪಾಸಿನಲ್ಲಿ ಜೆಪ್ಪು ಕಾರ್ಖಾನೆಯ ಕೂಲಿ ಎಷ್ಟಿತ್ತೆಂದು ತಿಳಿಯಬೇಕು, ಮಿಷನ್ನಿನ ವಾರ್ಷಿಕ ವರದಿ ನೋಡಬಹುದೇ’ ಎಂದು ಕೇಳಿ. ಅವರ ಮುಖಭಾವವೇ ಬದಲಾಗುತ್ತದೆ. ಇನ್ನೊಂದು ಮಾತು, ಮಧ್ಯಾಹ್ನ ಒಂದು ಗಂಟೆಗೆ ಹೋಗಿ ಬಾಗಿಲು ತಟ್ಟಬೇಡಿ. ಅವರೂ ಊಟ ಮಾಡಬೇಕು.

ನಮಸ್ಕಾರ.