ವಾರ್ಡಿನ ಕಿಟಕಿಯ ಆಚೆ ಏನಿದೆ?

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಮುಂದಿನ ಸಾಲಿನಲ್ಲಿ ಆಸ್ಪತ್ರೆಯ ಸಿಸ್ಟರ್‌ಗಳು, ಸ್ವಚ್ಛತೆ ಕೆಲಸದ ಅಕ್ಕಂದಿರು ಕೂತಿದ್ದಾರೆ. ಹಿಂದೆ ತೋಟದವರು, ಕಾಲೇಜಿನ ಮಕ್ಕಳು ಇದ್ದಾರೆ. ಇವತ್ತಿನ ಮಾತು ಪಾರಿವಾಳದ ಹಿಕ್ಕೆಯಲ್ಲಿ ಬೆಳೆದು ಮನುಷ್ಯರ ಮೆದುಳಿಗೆ ಕಾಯಿಲೆ ತರಬಲ್ಲ ಒಂದು ಫಂಗಸ್ ಬಗ್ಗೆ. ಇದು ಮುಖ್ಯವಾಗಿ ಮುಂದಿನ ಸಾಲಿನವರಿಗೆ. ಆದರೆ ಕಾಯಿಲೆಯವರನ್ನು ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿಗೋ ಕರೆದುಕೊಂಡು ಹೋಗದ ಮನೆ ಕೊಡಗಿನಲ್ಲಿ ಯಾವುದಿದೆ ಹೇಳಿ? ಹಾಗಾಗಿ ಇದು ಎಲ್ಲರಿಗೂ ಬೇಕಾದ್ದೇ.

ನಾನು ಮಡಿಕೇರಿ ಕಡೆಯವಳೇ. 20 ವರ್ಷಕ್ಕೂ ಜಾಸ್ತಿ ಬೆಂಗಳೂರಿನ ಆಸ್ಪತ್ರೆಗಳ ಲ್ಯಾಬಿನಲ್ಲಿ ಫಂಗಸ್ ನೋಡುವ ಕೆಲಸ ಮಾಡಿದ್ದೇನೆ. ಅದರಲ್ಲೂ ಯೀಸ್ಟ್ ಎಂಬ ಒಂದೇ ಕಣದ ಫಂಗಸ್.

ಯೀಸ್ಟ್ ಅಂದರೆ ನಮಗೆ ಹೊಸದೇನಲ್ಲ. ಪೇಟೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಹೋಮ್‌ಮೇಡ್ ವೈನಿನ ಬೋರ್ಡ್ ಕಾಣುತ್ತದೆ. ಬೆಳಿಗ್ಗೆ ಇಳಿಸಿದ ಬೈನೆ ಕಳ್ಳು ಸಂಜೆಗೆ ಹುಳಿಯಾಗುವುದು, ಬೇಕರಿಯ ಬನ್ನು ಉಬ್ಬುವುದು, ಎಲ್ಲದರಲ್ಲೂ ಯೀಸ್ಟಿನ ಕೈ ಇದೆ. ಕಾಫಿ ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿ, ಬೀಜವನ್ನು ತೊಟ್ಟಿಯಲ್ಲಿ ಬಿಡುತ್ತೀರಲ್ಲ, ಮಾರನೇ ದಿನಕ್ಕೆ ಮೇಲಿನ ಲೋಳೆ ಬಿಟ್ಟಿರುತ್ತದೆ. ಅಲ್ಲೂ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಸೇರಿ ಕೆಲಸ ಮಾಡಿರುತ್ತವೆ. ಆ ಲೋಳೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮಗೆ ಗೊತ್ತಿರುವ ಯೀಸ್ಟ್‌ಗಳು ಸಾಧು. ಇವತ್ತು ನಾನು ಹೇಳಲು ಬಂದಿರುವುದು ಬೇರೆ ಒಂದರ ಬಗ್ಗೆ. ಅದರ ಹೆಸರು ಕ್ರಿಪ್ಟೋಕಾಕಸ್ ನಿಯೋಫಾರ್ಮನ್ಸ್. 1894ರಲ್ಲಿ ಇಟಲಿಯ ಸ್ಯಾನ್‌ಫೆಲಿಚೆ ಎಂಬ ವಿಜ್ಞಾನಿ ಇದನ್ನು ಮೊದಲು ಬೇರ್ಪಡಿಸಿದ್ದು ಪೀಚ್ ಹಣ್ಣಿನ ರಸದಿಂದ. ಅದೇ ವರ್ಷ ಜರ್ಮನಿಯಲ್ಲಿ ಬುಸ್ಸೆ ಎಂಬ ವೈದ್ಯರು ಒಬ್ಬ ಹೆಂಗಸಿನ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಇದನ್ನೇ ಕಂಡರು. ಒಂದು ಕಡೆ ಹಣ್ಣಿನ ರಸ, ಇನ್ನೊಂದು ಕಡೆ ಮನುಷ್ಯನ ಮೂಳೆ. ಇದು ಹೊರಗೆ ಎಲ್ಲಿ ಬದುಕುತ್ತದೆ ಎಂಬುದು ಗೊತ್ತಾಗಲು ಮತ್ತೆ 50 ವರ್ಷಕ್ಕೂ ಹೆಚ್ಚು ಬೇಕಾಯಿತು. ಅಮೆರಿಕದ ಎಮನ್ಸ್ 1951ರಲ್ಲಿ ಮಣ್ಣಿನಲ್ಲಿ ಕಂಡರು. 1955ರಲ್ಲಿ ಪಾರಿವಾಳದ ಹಿಕ್ಕೆಯಲ್ಲಿ ಕಂಡರು.

ಪಾರಿವಾಳಕ್ಕೆ ಇದರಿಂದ ಕಾಯಿಲೆ ಆಗುವುದು ತೀರಾ ಅಪರೂಪ. ಅದರ ಮೈ ಬಿಸಿ 41–42 ಡಿಗ್ರಿ ಸೆಲ್ಸಿಯಸ್. ಅಷ್ಟು ಬಿಸಿ ಈ ಯೀಸ್ಟಿಗೆ ಒಗ್ಗುವುದಿಲ್ಲ. ಆದರೆ ಅದರ ಹಿಕ್ಕೆ ಇದಕ್ಕೆ ಹಬ್ಬದೂಟ. ಹಿಕ್ಕೆಯಲ್ಲಿ ಕ್ರಿಯಾಟಿನಿನ್ ಎಂಬ ಅಂಶ ಇರುತ್ತದೆ. ಬೇರೆ ಎಷ್ಟೋ ಯೀಸ್ಟ್‌ಗಳಿಗೆ ಬೇಡವಾದ ಅದನ್ನು ಇದು ತಿಂದು ಬೆಳೆಯುತ್ತದೆ. ಹಸಿ ಹಿಕ್ಕೆಗಿಂತ ನೆರಳಿನಲ್ಲಿ ಒಣಗಿ ಪುಡಿಯಾದ ಹಳೇ ಹಿಕ್ಕೆಯಲ್ಲೇ ಇದು ಜಾಸ್ತಿ ಸಿಗುತ್ತದೆ. ಬಿಸಿಲು ಬೀಳದ ಸಜ್ಜಾ, ಏಸಿ ಪೆಟ್ಟಿಗೆಯ ಹಿಂದಿನ ಸಂದು, ಮುರಿದ ವೆಂಟಿಲೇಟರಿನ ಒಳಗೆ. ನಗರದ ದೊಡ್ಡ ಆಸ್ಪತ್ರೆಯ ಯಾವ ಗೋಡೆ ಬೇಕಾದರೂ ಕಣ್ಣ ಮುಂದೆ ತಂದುಕೊಳ್ಳಿ.

ಹಿಕ್ಕೆಯಲ್ಲಿ ಇದು ಇದೆಯೋ ಇಲ್ಲವೋ ಎಂದು ನೋಡುವುದು ಹೇಗೆ? ಇದು ನನಗೆ ತುಂಬಾ ಇಷ್ಟದ ಕತೆ, ಸ್ವಲ್ಪ ನಿಂತು ಹೇಳುತ್ತೇನೆ. ನಮ್ಮ ಬಯಲುಸೀಮೆಯವರು ಚಟ್ನಿಪುಡಿ ಮಾಡುವ ಹುಚ್ಚೆಳ್ಳು ಗೊತ್ತಲ್ಲ, ಕಪ್ಪಗೆ, ಸಣ್ಣಗೆ, ಮಿರಮಿರ ಅನ್ನುವ ಬೀಜ. ಪಾಶ್ಚಾತ್ಯ ದೇಶಗಳಲ್ಲಿ ಅದನ್ನು ಪಂಜರದ ಹಕ್ಕಿಗಳಿಗೆ ಹಾಕುತ್ತಾರೆ. 1962ರಲ್ಲಿ ಜರ್ಮನಿಯ ಸ್ಟೈಬ್ ಎಂಬ ವಿಜ್ಞಾನಿ ಹುಚ್ಚೆಳ್ಳಿನ ರಸ ಸೇರಿಸಿದ, ಜೆಲ್ಲಿಯಂಥ ಅಗರ್ ಮೇಲೆ ಈ ಯೀಸ್ಟನ್ನು ಬೆಳೆಸಿದರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ ಎಂದು ತೋರಿಸಿದರು. ಹುಚ್ಚೆಳ್ಳಿನಲ್ಲಿ ಕೆಫೀಕ್ ಆಮ್ಲ ಇದೆ. ಆ ಹೆಸರು ಬಂದದ್ದೇ ಕಾಫಿಯಿಂದ. ಅದನ್ನು ಬಳಸಿ ಈ ಯೀಸ್ಟ್ ಮೆಲನಿನ್ ತಯಾರಿಸುತ್ತದೆ. ನಮ್ಮ ಚರ್ಮಕ್ಕೆ, ಕೂದಲಿಗೆ ಬಣ್ಣ ಕೊಡುವುದೂ ಮೆಲನಿನ್ನೇ.

ಲ್ಯಾಬಿನಲ್ಲಿ ನಾವು ಮಾಡುವುದು ಇಷ್ಟು. ಒಣ ಹಿಕ್ಕೆಯನ್ನು ಸಲೈನಿನಲ್ಲಿ ಕಲಕಿ, ಮಡ್ಡಿ ಕೆಳಗೆ ಕೂರಲು ಬಿಡುತ್ತೇವೆ. ಮೇಲಿನ ನೀರಿನ ಒಂದು ಹನಿಯನ್ನು ಹುಚ್ಚೆಳ್ಳಿನ ಪ್ಲೇಟಿನ ಮೇಲೆ ಹರಡಿ, ಸುಮಾರು 30 ಡಿಗ್ರಿಯಲ್ಲಿ ಇಡುತ್ತೇವೆ. ಎರಡು ಮೂರು ದಿನ ಬಿಟ್ಟು ತೆಗೆದು ನೋಡಿದರೆ ಬೇರೆ ಯೀಸ್ಟ್‌ಗಳು ಬೆಳ್ಳಗೆ ಮೊಸರಿನ ಚುಕ್ಕಿಯ ಹಾಗೆ ಇರುತ್ತವೆ. ಅವುಗಳ ನಡುವೆ ಕೆಲವು ಚುಕ್ಕಿಗಳು ಮಾತ್ರ ಡಿಕಾಕ್ಷನ್ ಬಣ್ಣ, ನಿಮಗೆ ಗೊತ್ತಿರುವ ಆ ಗಟ್ಟಿ ಕಾಫಿ ಬಣ್ಣ. ಮೊದಲ ಸಲ ನೋಡಿದಾಗ ನನ್ನ ಮೈ ಜುಂ ಅಂದಿತ್ತು. ಆ ಹಿಕ್ಕೆ ತಂದಿದ್ದು ನಾವು ದಿನಾ ಊಟಕ್ಕೆ ಕೂರುತ್ತಿದ್ದ ಜಾಗದ ಪಕ್ಕದ ಕಿಟಕಿಯಿಂದ.

ಬಣ್ಣ ಅದಕ್ಕೆ ಸುಮ್ನೆ ಶೋಕಿಗಲ್ಲ. ಮೆಲನಿನ್ ಅದಕ್ಕೆ ಕವಚ. ಅದರ ಜೊತೆಗೆ ಇನ್ನೊಂದು ಕವಚ ಇದೆ, ಅದೇ ಲೋಳೆ. ಪಲ್ಪ್ ಆದ ಕಾಫಿ ಬೀಜದ ಮೇಲೆ ಇರುವ ಹಾಗೇ ಇದರ ಮೈಸುತ್ತ ದಪ್ಪ ಲೋಳೆಯ ಹೊದಿಕೆ. ಮಣ್ಣಿನಲ್ಲಿ ಅಮೀಬಾಗಳು ಯೀಸ್ಟನ್ನು ಹಿಡಿದು ನುಂಗುತ್ತವೆ. ಅವುಗಳಿಂದ ತಪ್ಪಿಸಿಕೊಳ್ಳಲು ಬೆಳೆಸಿಕೊಂಡ ವಿದ್ಯೆ ಇದು ಎಂದು ಹಲವು ವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಶ್ವಾಸಕೋಶದಲ್ಲಿ ರೋಗಾಣುವನ್ನು ನುಂಗುವ ಬಿಳಿ ರಕ್ತಕಣಗಳು ಇವೆ. ಅವು ಕೆಲಸ ಮಾಡುವ ರೀತಿಯೂ ಹೆಚ್ಚು ಕಡಿಮೆ ಅಮೀಬಾದ ಥರವೇ. ಮಣ್ಣಿನಲ್ಲಿ ಕಲಿತದ್ದು ನಮ್ಮೊಳಗೂ ಉಪಯೋಗಕ್ಕೆ ಬರುತ್ತದೆ.

ಒಬ್ಬರ ವಿಷಯ ಹೇಳುತ್ತೇನೆ. ಊರು, ಹೆಸರು ಹೇಳುವುದಿಲ್ಲ. ಕಿಡ್ನಿ ಕಸಿ ಆದವರು. ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕಬಾರದು ಎಂದು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮೂರು ವಾರದಿಂದ ತಲೆನೋವು. ಮೊದಲು ಸೈನಸ್ ಅಂದರು, ಆಮೇಲೆ ಮೈಗ್ರೇನ್ ಅಂದರು. ಅವರ ಹೆಂಡತಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಖಾಲಿ ಮಾತ್ರೆ ಶೀಟುಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದರು. "ಇಷ್ಟು ತಿಂದರೂ ಕಡಿಮೆ ಆಗಲಿಲ್ಲ ಮೇಡಂ" ಎಂದು ಕವರನ್ನು ನನ್ನ ಮುಂದೆ ಇಟ್ಟರು. ಆ ಹೊತ್ತಿಗೆ ಅವರ ಯಜಮಾನರಿಗೆ ಕಣ್ಣು ಮಂಜಾಗಿತ್ತು. ಕರೆದರೆ ಓಗೊಡುತ್ತಿರಲಿಲ್ಲ.

ಮೆದುಳು, ಬೆನ್ನುಹುರಿಯ ಸುತ್ತ ಇರುವ ನೀರನ್ನು ಬೆನ್ನಿನಿಂದ ತೆಗೆದು ಲ್ಯಾಬಿಗೆ ಕಳಿಸಿದರು. ಗಾಜಿನ ಪಟ್ಟಿಯ ಮೇಲೆ ಆ ನೀರಿನ ಒಂದು ಹನಿ, ಪಕ್ಕದಲ್ಲಿ ಇಂಡಿಯಾ ಇಂಕ್ ಎನ್ನುವ ಕಪ್ಪು ಶಾಯಿಯ ಒಂದು ಹನಿ. ಎರಡನ್ನೂ ಸೇರಿಸಿ ಮೇಲೆ ತೆಳು ಗಾಜು ಮುಚ್ಚಬೇಕು. ಶಾಯಿಯ ಕಣಗಳು ಲೋಳೆಯೊಳಗೆ ನುಗ್ಗಲಾರವು. ಹಾಗಾಗಿ ಸುತ್ತಲೂ ಕಪ್ಪು, ನಡುವೆ ದುಂಡಗೆ ಬೆಳಕಿನ ಉಂಗುರ, ಉಂಗುರದ ಒಳಗೆ ಯೀಸ್ಟ್. ಅಮಾವಾಸ್ಯೆ ರಾತ್ರಿ ತೋಟದ ದಾರಿಯಲ್ಲಿ ಮಿಣುಕುಹುಳ ಕಂಡ ಹಾಗೆ. ಒಂದೆರಡಲ್ಲ, ನೋಡಿದ ಕಡೆಯೆಲ್ಲ. ಕೆಲವಕ್ಕೆ ಪಕ್ಕದಲ್ಲಿ ಸಣ್ಣ ಮೊಗ್ಗು ಬಂದಿತ್ತು. ಯೀಸ್ಟ್ ಮರಿ ಹಾಕುವುದು ಹಾಗೆಯೇ. ಅಂದರೆ ಅವರ ತಲೆಯೊಳಗೆ ಇದು ಆಗಲೂ ಬೆಳೆಯುತ್ತಲೇ ಇತ್ತು.

ಈ ಯೀಸ್ಟ್ ಮೆದುಳಿನ ಸುತ್ತಲಿನ ನೀರಿನಲ್ಲಿ ತುಂಬಿಕೊಂಡಾಗ ಒಳಗಿನ ಒತ್ತಡ ಏರುತ್ತದೆ. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು ಅದಕ್ಕೇ. ಸ್ವಲ್ಪ ಸ್ವಲ್ಪವಾಗಿ ಆ ನೀರನ್ನು ತೆಗೆಯುವುದೂ ಚಿಕಿತ್ಸೆಯೇ. ಎರಡನೇ ಸಲ ತೆಗೆದ ಮೇಲೆ, ಸಂಜೆ ಹೊತ್ತಿಗೆ, ಅವರು ಕಣ್ಣು ಬಿಟ್ಟು ಹೆಂಡತಿಯ ಹತ್ತಿರ ಕಾಫಿ ಕೇಳಿದರಂತೆ. ಆಕೆ ಓಡಿ ಬಂದು ಲ್ಯಾಬಿನ ಬಾಗಿಲಲ್ಲಿ ನಿಂತು ನಮಗೂ ಹೇಳಿ ಹೋದರು. ಆಂಫೋಟೆರಿಸಿನ್ ಎಂಬ ಔಷಧದ ಡ್ರಿಪ್, ಆಮೇಲೆ ತಿಂಗಳುಗಟ್ಟಲೆ ಫ್ಲುಕೊನಜೋಲ್ ಮಾತ್ರೆ. ಉಳಿದುಕೊಂಡರು. ಎಲ್ಲರೂ ಉಳಿಯುವುದಿಲ್ಲ. 2020ರ ಒಂದು ಅಂದಾಜಿನ ಪ್ರಕಾರ, ಎಚ್‌ಐವಿ ಇರುವವರಲ್ಲೇ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 1,12,000 ಜನ ಈ ಮೆದುಳು ಜ್ವರದಿಂದ ತೀರಿಹೋಗುತ್ತಾರೆ. 2022ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿಗೆ 19 ಅಪಾಯಕಾರಿ ಫಂಗಸ್‌ಗಳ ಪಟ್ಟಿ ಮಾಡಿತು. ಅದರ ಅತಿ ಗಂಭೀರ ಗುಂಪಿನ ನಾಲ್ಕರಲ್ಲಿ ಇದೂ ಒಂದು.

ಅವರಿಗೆ ಇದು ಎಲ್ಲಿಂದ ಅಂಟಿತು? ಪಾರಿವಾಳ ಎಂದು ನಾನು ಆಣೆ ಮಾಡಿ ಹೇಳಲಾರೆ. ಒಣಗಿದ ಯೀಸ್ಟ್ ಕಣ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಆರೋಗ್ಯವಂತರ ಶ್ವಾಸಕೋಶದಲ್ಲಿ ಅದು ಸತ್ತುಹೋಗುತ್ತದೆ, ಇಲ್ಲವೇ ವರ್ಷಗಟ್ಟಲೆ ಸದ್ದಿಲ್ಲದೆ ಮಲಗಿರುತ್ತದೆ. ದೇಹದ ಶಕ್ತಿ ಕುಗ್ಗಿದಾಗ ಏಳುತ್ತದೆ. ನಮ್ಮಲ್ಲಿ ಬಹಳ ಜನ ಇದನ್ನು ಎಂದೋ ಉಸಿರಾಡಿರುತ್ತೇವೆ, ನಮಗೆ ಏನೂ ಆಗಿರುವುದಿಲ್ಲ. ಹಾಗಾಗಿ ಹಕ್ಕಿ ಕಂಡರೆ ಹೆದರಿ ಓಡಬೇಕಾಗಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವೂ ಅಲ್ಲ. ಮನೆಯಲ್ಲಿ ಇಂಥವರಿದ್ದರೆ ತಟ್ಟೆ ಲೋಟ ಬೇರೆ ಇಡಬೇಡಿ.

ಆದರೆ ಆಸ್ಪತ್ರೆಯ ಲೆಕ್ಕವೇ ಬೇರೆ. ಕಸಿ ಆದವರು, ಕೀಮೋ ತೆಗೆದುಕೊಳ್ಳುವವರು, ದೀರ್ಘಕಾಲ ಸ್ಟೀರಾಯ್ಡ್ ಮೇಲೆ ಇರುವವರು, ಎಚ್‌ಐವಿ ಇದ್ದು ಚಿಕಿತ್ಸೆ ತಡವಾದವರು, ಎಲ್ಲರೂ ಒಂದೇ ಸೂರಿನ ಕೆಳಗೆ ಇರುತ್ತಾರೆ. ಬೇರೆಯವರಿಗೆ ಏನೂ ಮಾಡದ ಧೂಳು ಇವರಿಗೆ ಮಾಡಬಹುದು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇಬ್ಬರು ರೋಗಿಗಳಿಗೆ ಈ ಸೋಂಕು ತಗಲಿ ತೀರಿಹೋದದ್ದು 2019ರ ಜನವರಿಯಲ್ಲಿ ದೊಡ್ಡ ಸುದ್ದಿಯಾಯಿತು. ಪಾರಿವಾಳದ ಹಿಕ್ಕೆ ಕಾರಣವೋ ಅಲ್ಲವೋ ಎಂದು ಆಮೇಲೂ ವಾದ ನಡೆಯಿತು. ಅಷ್ಟು ಹೊಸ ಕಟ್ಟಡದಲ್ಲೂ ಈ ಪ್ರಶ್ನೆ ಏಳುವುದಾದರೆ ನಮ್ಮ ಹಳೇ ಕಟ್ಟಡಗಳ ಗತಿ ಏನು?

ನಾನು ಕೆಲಸ ಮಾಡಿದ ಒಂದು ಕಡೆ ಕಣ್ಣಾರೆ ಕಂಡದ್ದು. ಗೇಟಿನ ಎದುರು ದಿನಾ ಬೆಳಿಗ್ಗೆ ಜನ ಪಾರಿವಾಳಗಳಿಗೆ ಜೋಳ ಚೆಲ್ಲುತ್ತಿದ್ದರು. ಒಳಗೆ ಮಲಗಿರುವ ತಮ್ಮವರಿಗೆ ಗುಣವಾಗಲಿ ಎಂಬ ಹರಕೆ ಅದು. ಅವರ ಮನಸ್ಸು ಒಳ್ಳೆಯದೇ. ಆ ಹಕ್ಕಿಗಳು ತಿಂದು ಹಾರಿ ಬಂದು ಕೂರುತ್ತಿದ್ದದ್ದು ಎರಡನೇ ಮಹಡಿಯ ವಾರ್ಡಿನ ಸಜ್ಜಾ ಮೇಲೆ. ಒಂದು ದಿನ ಯಾರೋ ದೊಡ್ಡವರು ಬರುತ್ತಾರೆಂದು ಎಲ್ಲ ಕಡೆ ಗುಡಿಸುವ ಗಡಿಬಿಡಿ. ಸ್ವಚ್ಛತೆಯ ಅಕ್ಕ ಒಬ್ಬರು ಮುಖಕ್ಕೆ ಸೆರಗು ಕಟ್ಟಿಕೊಂಡು, ಕಡ್ಡಿ ಪೊರಕೆ ಹಿಡಿದು, ಸಜ್ಜಾ ಮೇಲೆ ಬೆರಳು ದಪ್ಪ ಕೂತಿದ್ದ ಒಣ ಹಿಕ್ಕೆಯನ್ನು ಬರಬರ ಗುಡಿಸಿದರು. ಬೂದಿಯಂಥ ಪುಡಿ ಎದ್ದಿತು. ಕಿಟಕಿ ತೆರೆದಿತ್ತು. ಒಳಗೆ ಕೀಮೋ ಡ್ರಿಪ್ ಹಾಕಿಕೊಂಡು ಮಲಗಿದ್ದ ಹುಡುಗಿಯ ಬಿಳಿ ಹೊದಿಕೆಯ ಮೇಲೆ ಆ ಪುಡಿ ಕೂತದ್ದನ್ನು ನಾನು ನೋಡಿದೆ. ತಪ್ಪು ಆ ಅಕ್ಕನದಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಒಳ್ಳೆಯ ಮಾಸ್ಕ್ ಕೂಡ ಕೊಟ್ಟಿರಲಿಲ್ಲ. ಎಲ್ಲರಿಗಿಂತ ಜಾಸ್ತಿ ಆ ಧೂಳನ್ನು ಉಸಿರಾಡಿದವರು ಅವರೇ.

ಅಕ್ಕಂದಿರೇ, ಇದನ್ನು ಹೇಳಲೆಂದೇ ನಾನು ಬಂದಿದ್ದು. ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬೇಡಿ. ಮೊದಲು ಆ ಕಡೆಯ ಕಿಟಕಿ ಮುಚ್ಚಿಸಿ. ಬ್ಲೀಚಿಂಗ್ ಪೌಡರ್ ಕಲಸಿದ ನೀರನ್ನು ನಿಧಾನವಾಗಿ ಹಾಕಿ, ಪೂರ್ತಿ ನೆನೆಯಲು ಬಿಡಿ. ರಭಸವಾಗಿ ಪೈಪು ಬಿಟ್ಟರೆ ಅದೂ ಪುಡಿ ಎಬ್ಬಿಸುತ್ತದೆ. ಆಮೇಲೆ ಕೆರೆದು ಕವರಿಗೆ ತುಂಬಿ, ಬಾಯಿ ಕಟ್ಟಿ. ಎನ್-95 ಮಾಸ್ಕ್, ಗ್ಲೌಸ್ ಕೇಳಿ ಪಡೆಯಿರಿ. ಕೊಡದಿದ್ದರೆ ಕೆಲಸ ನಿಲ್ಲಿಸಿ ಕೇಳಿ. ಅದು ನಿಮ್ಮ ಹಕ್ಕು. ಹುತ್ತರಿ ಹಬ್ಬಕ್ಕೆ ಮುಂಚೆ ಅಟ್ಟ ಕ್ಲೀನ್ ಮಾಡುವವರಿಗೂ ಇದೇ ಮಾತು. ಹಕ್ಕಿ, ಬಾವಲಿ ಸೇರಿಕೊಂಡ ಅಟ್ಟವಾದರೆ ಮೊದಲು ನೀರು ಚಿಮುಕಿಸಿ. ಆಡಳಿತದವರಿಗೆ ನನ್ನ ಕೋರಿಕೆ, ಸಜ್ಜಾಗಳಿಗೆ ಬಲೆ ಹಾಕಿಸಿ, ಗೇಟಿನ ಬಳಿ ಕಾಳು ಚೆಲ್ಲದಂತೆ ಸಮಾಧಾನವಾಗಿ ತಿಳಿಸಿ ಹೇಳಿ. ಹಕ್ಕಿಗಳನ್ನು ಕೊಲ್ಲಬೇಕಾಗಿಲ್ಲ. ಕೂರಲು ಜಾಗ, ತಿನ್ನಲು ಕಾಳು ಇಲ್ಲದಿದ್ದರೆ ಅವು ಬೇರೆ ಕಡೆ ಹೋಗುತ್ತವೆ.

ಮರಗಳ ಬಗ್ಗೆ ಕೇಳುತ್ತೀರಿ ಎಂದು ಗೊತ್ತು, ತೋಟದವರು ಇದ್ದೀರಲ್ಲ. ಇದರ ಹತ್ತಿರದ ನೆಂಟ ಕ್ರಿಪ್ಟೋಕಾಕಸ್ ಗ್ಯಾಟಿಯೈ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ ಅದು ನೀಲಗಿರಿ ಮರದ ಜೊತೆ ಸಿಕ್ಕಿತು. ನಮ್ಮ ದೇಶದಲ್ಲಿ ನೇರಳೆ ಮರದ ಪೊಟರೆಯಲ್ಲೂ ಸಿಕ್ಕಿದೆ. ಅದು ಕೊಳೆಯುತ್ತಿರುವ ಮರವನ್ನು ತಿಂದು ಬದುಕುವ ಜೀವಿ. ಇಷ್ಟು ಕೇಳಿ ಯಾರೂ ನೇರಳೆ ಮರ ಕಡಿಯಬೇಡಿ, ದಯವಿಟ್ಟು.

ಇನ್ನೊಂದು ಯೀಸ್ಟ್ ಬಗ್ಗೆ ಸಿಸ್ಟರ್‌ಗಳಿಗೆ ಎರಡು ಮಾತು. ಕ್ಯಾಂಡಿಡಾ ಆರಿಸ್. 2009ರಲ್ಲಿ ಜಪಾನಿನ ಒಬ್ಬ ಅಜ್ಜಿಯ ಕಿವಿಯಲ್ಲಿ ಸಿಕ್ಕಿದ್ದಕ್ಕೆ ಈ ಹೆಸರು. ಆರಿಸ್ ಅಂದರೆ ಲ್ಯಾಟಿನ್ ಭಾಷೆಯಲ್ಲಿ ಕಿವಿ. 2021ರಲ್ಲಿ ದೆಹಲಿಯ ವಿಜ್ಞಾನಿಗಳ ತಂಡ ಅಂಡಮಾನಿನ ಕಡಲತೀರದ ಮರಳಲ್ಲಿ, ಉಪ್ಪು ಜೌಗಿನಲ್ಲಿ ಇದು ಇದೆ ಎಂದು ತೋರಿಸಿತು. ಇದು ಕ್ರಿಪ್ಟೋಕಾಕಸ್ ಥರ ಅಲ್ಲ, ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ದಾಟುತ್ತದೆ. ಮಂಚದ ಕಂಬಿ, ಬಿಪಿ ಪಟ್ಟಿ, ಎಲ್ಲದರ ಮೇಲೂ ವಾರಗಟ್ಟಲೆ ಬದುಕಿರುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಒಂದು ಐಸಿಯುನಲ್ಲಿ ಇದು ಹರಡಿದ್ದು ಮತ್ತೆ ಮತ್ತೆ ಬಳಸುವ ಕಂಕುಳಿನ ಥರ್ಮಾಮೀಟರಿನಿಂದ. ಮಾಮೂಲಿ ಫಿನಾಯಿಲ್ ವಾಸನೆ ಬಂದ ಮಾತ್ರಕ್ಕೆ ಇದು ಹೋಗಿದೆ ಎಂದುಕೊಳ್ಳಬೇಡಿ. ಕ್ಲೋರಿನ್ ಇರುವ ದ್ರಾವಣವೇ ಬೇಕು, ಹೇಳಿದಷ್ಟು ಹೊತ್ತು ಅದು ಹಸಿಯಾಗಿ ನಿಲ್ಲಬೇಕು.

ಕೊನೆಯದಾಗಿ ತಲೆನೋವಿನ ವಿಷಯ. ಕಸಿ ಆದವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಎಚ್‌ಐವಿ ಇರುವವರು, ನಿಮಗೆ ಒಂದು ವಾರ ದಾಟಿದರೂ ಬಿಡದ ತಲೆನೋವು ಇದ್ದರೆ ಮೆಡಿಕಲ್ ಅಂಗಡಿಯ ಮಾತ್ರೆಯಲ್ಲೇ ದಿನ ದೂಡಬೇಡಿ. ಕ್ರಿಪ್ಟೋಕಾಕಸ್‌ನ ಲೋಳೆಯನ್ನು ರಕ್ತದಲ್ಲೇ ಪತ್ತೆ ಮಾಡುವ ಸಣ್ಣ ಪಟ್ಟಿಯ ಪರೀಕ್ಷೆ ಇದೆ, ಗರ್ಭ ಪರೀಕ್ಷೆಯ ಪಟ್ಟಿಯ ಹಾಗೇ ಗೆರೆ ಮೂಡುತ್ತದೆ. ತಲೆನೋವು ಶುರುವಾಗುವ ಎಷ್ಟೋ ವಾರ ಮೊದಲೇ ಅದು ತೋರಿಸಬಲ್ಲದು. ಎಚ್‌ಐವಿ ಇದ್ದು, ಸಿಡಿ4 ಎಣಿಕೆ, ಅಂದರೆ ರೋಗದ ಜೊತೆ ಹೋರಾಡುವ ಒಂದು ಬಗೆಯ ರಕ್ತಕಣಗಳ ಲೆಕ್ಕ, 200ಕ್ಕಿಂತ ಕೆಳಗೆ ಇಳಿದವರು ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಸೆಂಟರಿನಲ್ಲಿ ಈ ಪರೀಕ್ಷೆಯ ಬಗ್ಗೆ ಬಾಯಿಬಿಟ್ಟು ಕೇಳಿ.

ಶಾಯಿಯ ಚಿತ್ರ, ಹುಚ್ಚೆಳ್ಳಿನ ಪ್ಲೇಟಿನ ಫೋಟೋ ಹೊರಗೆ ಮೇಜಿನ ಮೇಲಿವೆ. ಹಿಕ್ಕೆ ನೆನೆಸುವುದು ಹೇಗೆ ಎಂದು ಪಕ್ಕದಲ್ಲೇ ಮಾಡಿ ತೋರಿಸುತ್ತೇನೆ, ಹಿಕ್ಕೆಯ ಬದಲು ಬೂದಿ ತಂದಿದ್ದೇನೆ. ಎಲ್ಲರ ಮುಂದೆ ಕೇಳಲು ಸಂಕೋಚ ಇರುವವರು ಕಾಫಿ ಹೊತ್ತಿನಲ್ಲಿ ಒಬ್ಬರೇ ಬನ್ನಿ. ಸಂಜೆಯ ಬಸ್ಸಿನ ತನಕ ನಾನು ಇಲ್ಲೇ ಇರುತ್ತೇನೆ.