ಹಿತ್ತಿಲ ಗೋಡೆ ಮತ್ತು ಒಂದು ಲೋಡು ಇಟ್ಟಿಗೆಯ ಲೆಕ್ಕ

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆಯಾದ್ದರಿಂದ, ಅದರಡಿಯ ಗಟ್ಟಿ ಗರಸು ಮಣ್ಣು ತಗಲುವವರೆಗೆ ಅಗೆಸಿ ಅಡಿಪಾಯ ಹಾಕಿಸಿದ್ದನ್ನು ಕಳೆದ ವಿಡಿಯೋದಲ್ಲಿ ನೋಡಿದ್ದೀರಿ. ಇಂದು ಗೋಡೆ ಏಳುತ್ತದೆ. ದಾರ ಕಟ್ಟುವುದು, ಮಾಲು ಕಲಸುವುದು ಎಲ್ಲವೂ ನಿಮಗೆ ಕಾಣುತ್ತಿರುವುದರಿಂದ ವಿವರಿಸುವುದಿಲ್ಲ. ಒಂಬತ್ತು ಇಂಚಿನ ಗೋಡೆಯ ಮಾಲಿಗೆ ಒಂದು ಪಾಲು ಸಿಮೆಂಟು, ಆರು ಪಾಲು ಉಸುಕು.

ಆದರೆ ಈ ಇಟ್ಟಿಗೆಯ ರಾಶಿಯನ್ನು ದಯವಿಟ್ಟು ಸರಿಯಾಗಿ ನೋಡಿ. ಸಾವಿರಕ್ಕೆ ಇಷ್ಟು ಎಂದು ದರ ಹೇಳಿದವರು, ಇಳಿಸುವ ಕೂಲಿ ಬೇರೆ ಎಂಬ ಮಾತನ್ನು ಟ್ರ್ಯಾಕ್ಟರ್ ಮನೆಯ ಮುಂದೆ ಬಂದು ನಿಂತ ಮೇಲೆ ತೆಗೆದರು. ಮಾತಾಡಿದ್ದು ಹಾಗಲ್ಲವಲ್ಲ ಎಂದು ನಾನು ಹೇಳುತ್ತಿರುವಾಗಲೇ ಟ್ರಾಲಿಯನ್ನು ಎತ್ತಿ ಸುರಿದೇಬಿಟ್ಟರು. ಕೆಲವು ಮೂಲೆ ಹಾರಿದವು, ಕೆಲವು ನಡುವಿಗೇ ತುಂಡಾದವು, ಅಡಿಯಲ್ಲಿ ಸಿಕ್ಕವು ಪುಡಿಯಾದವು. ಕೇಳಿದ್ದಕ್ಕೆ, “ಬಿಡ್ರಿ ಅಣ್ಣಾ, ಅರ್ಧ ಇಟ್ಟಂಗಿನೂ ಬೇಕಾಗ್ತಾವ” ಎಂಬ ಉತ್ತರ ಬಂತು.

ಬೇಕಾಗುತ್ತವೆ, ನಿಜ. ಕೆಳಸಾಲಿನ ಸಂದಿನ ಮೇಲೆಯೇ ಮೇಲಿನ ಸಾಲಿನ ಸಂದು ಬಂದರೆ ಗೋಡೆ ಅದೇ ಗೆರೆಯಲ್ಲಿ ಸೀಳುತ್ತದೆ. ಅದನ್ನು ತಪ್ಪಿಸಲು ತುದಿಯಲ್ಲಿ ತುಂಡು ಇಡಲೇಬೇಕು. ಆದರೆ ಆ ತುಂಡನ್ನು ಗೌಂಡಿ ಕರಣೆಯ ಅಂಚಿನಿಂದ ಅಳತೆಗೆ ತಕ್ಕಂತೆ ಹೊಡೆದುಕೊಳ್ಳುತ್ತಾರೆಯೇ ಹೊರತು, ಬಿದ್ದು ಒಡೆದದ್ದು ಅಳತೆಗೆ ಬರುವುದು ಅಪರೂಪ. ಇಡೀ ಇಟ್ಟಿಗೆಯ ದರಕ್ಕೆ ಚೂರು ಕೊಳ್ಳುವುದಕ್ಕಿಂತ, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ ನಮ್ಮ ಜಿಲ್ಲೆಯಲ್ಲೇ ಇರುವಾಗ ಬೂದಿ ಇಟ್ಟಿಗೆಯನ್ನೇ ತರಿಸಬೇಕಿತ್ತು ಎಂದು ಆ ಗಳಿಗೆಯಲ್ಲಿ ಅನ್ನಿಸಿತು. ಈಗ ಹಾಗೆ ಅನ್ನಿಸುತ್ತಿಲ್ಲ. ಹೀಗೆ ಸುರಿದರೆ ಅವೂ ಒಡೆಯುತ್ತವೆ. ಕೂಲಿಯ ಮಾತನ್ನು ಮುಂಗಡ ಕೊಡುವ ಮೊದಲೇ ಮುಗಿಸಿಕೊಳ್ಳಿ, ಪೂರ್ತಿ ಹಣವನ್ನು ಇಟ್ಟಿಗೆ ಎಣಿಸಿದ ನಂತರವೇ ಕೊಡಿ. ಚೂರುಗಳನ್ನು ಬಚ್ಚಲಿನ ನೆಲದಡಿಗೆ ತುಂಬಲು ಒಂದು ಕಡೆ ಹಾಕಿಸಿದ್ದೇನೆ.

ಈಗ ತೊಟ್ಟಿಯ ಕಡೆಗೆ ಬನ್ನಿ, ಈ ದೃಶ್ಯ ಚಿಕ್ಕದು. ಮುಳುಗಿಸಿದ ಇಟ್ಟಿಗೆಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿವೆ. ಅವು ನಿಂತ ಮೇಲೆ ಹೊರತೆಗೆದು, ಮೈಮೇಲಿನ ನೀರು ಆರಿದಾಗ ಕಟ್ಟಬೇಕು. “ಮೊದ್ಲು ಅದಕ್ಕ ನೀರು ಕುಡಿಸ್ರಿ, ಇಲ್ಲಂದ್ರ ಮಾಲಿನ ನೀರು ಕುಡೀತೈತಿ” ಎಂದು ಗೌಂಡಿ ಕಾಕಾ ಬೆಳಗಿನಿಂದ ಹೇಳುತ್ತಲೇ ಇದ್ದಾರೆ. ಸಾಮಾನ್ಯ ದರ್ಜೆಯ ಸುಟ್ಟ ಇಟ್ಟಿಗೆಯು 24 ಗಂಟೆ ನೆನೆದಾಗ ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಹೀರಬಾರದು ಎಂಬುದು ಮಾನಕ. ಮೂರು ಕಿಲೋ ಇಟ್ಟಿಗೆಯ ಮಟ್ಟಿಗೆ ಅದು ಅರ್ಧ ಲೀಟರಿಗೂ ಮಿಗಿಲಾಯಿತು. ಬಿಸಿಲು 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಒಣ ಇಟ್ಟಿಗೆಯಿಟ್ಟು ಕಟ್ಟಿದರೆ, ಸಿಮೆಂಟು ಗಟ್ಟಿಯಾಗಲು ಬೇಕಾದ ನೀರು ಇಟ್ಟಿಗೆಯ ಪಾಲಾಗಿ, ಸಂದಿನ ಮಾಲು ಉಗುರಿಗೆ ಉದುರುತ್ತದೆ. ಟ್ಯಾಂಕರಿನ ನೀರಿಗೆ ಹಣ ತೆರುವುದು ನನಗೂ ಇಷ್ಟವಿಲ್ಲ, ಆದರೆ ಇಲ್ಲಿ ಕೈ ಹಿಡಿಯುವಂತಿಲ್ಲ.

ಕಾಕಾ ದಾರವನ್ನು ಮೇಲಿನ ಸಾಲಿಗೆ ಏರಿಸುತ್ತಿದ್ದಾರೆ. ಒಂದು ದಿನಕ್ಕೆ ಒಂದೂವರೆ ಮೀಟರಿಗಿಂತ ಎತ್ತರ ಕಟ್ಟುವುದಿಲ್ಲ, ಹಸಿ ಗೋಡೆ ಆ ಭಾರಕ್ಕೆ ವಾಲುತ್ತದೆ. ನಾಳೆಯಿಂದ ಏಳು ದಿನ ಗೋಣಿಚೀಲ ಹೊದಿಸಿ ನೀರುಣಿಸುವ ಕೆಲಸ. ಕಾಕಾ ಇಟ್ಟಿಗೆ ಕೇಳುತ್ತಿದ್ದಾರೆ, ಕೊಟ್ಟು ಬರುತ್ತೇನೆ. ಕ್ಯಾಮೆರಾ ಇಲ್ಲೇ ಇರುತ್ತದೆ.