ಹಳೇ ವಿಂಡೋಸ್‌ಗೆ ವಾಪಸ್ ಹೋಗುವ ಮುಂಚೆ

ಎಲ್ಲರಿಗೂ ನಮಸ್ಕಾರ. ಪ್ರೆಸ್ಸಿನವರು, ಡಿಟಿಪಿಯವರು, ಫ್ಲೆಕ್ಸ್ ಅಂಗಡಿಯವರು, ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವವರು, ಎಲ್ಲರೂ ಬಾಗಿಲು ಹಾಕಿಕೊಂಡು ಬಂದಿದ್ದೀರಿ. ಮದುವೆ ಸೀಸನ್ನಿನಲ್ಲಿ ಒಂದು ಸಂಜೆ ಬಿಟ್ಟು ಬರುವುದು ಸಣ್ಣ ಮಾತಲ್ಲ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಆಗ ಎಲ್ಲರೂ ಗಾಬರಿಯಲ್ಲಿ ವಿಂಡೋಸ್ 11ಕ್ಕೆ ಓಡಿದರು. ಈಗ ಅದೇ ಗಾಬರಿಯಲ್ಲಿ ಹಲವರು ವಾಪಸ್ ಓಡಿ ಬರುತ್ತಿದ್ದಾರೆ. ದಿನಾ ಫೋನ್ ಬರುತ್ತದೆ, 'ಸರ್, ಹಳೇದೇ ಹಾಕಿಕೊಡಿ.' ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಯಾವ ಕೆಲಸ ನಿಂತಿದೆ?

ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಹಳೇದಕ್ಕೆ ಹೋಗಬೇಡಿ. ಸ್ಟಾರ್ಟ್ ಬಟನ್ ಎಡಗಡೆ ಇತ್ತು, ಈಗ ನಡುವೆ ಬಂದು ಕೂತಿದೆ, ಕೈಗೆ ಸಿಗಲ್ಲ ಅಂತಾರೆ. ಟಾಸ್ಕ್‌ಬಾರ್ ಸೆಟ್ಟಿಂಗ್‌ಗೆ ಹೋದರೆ ಅದನ್ನು ಮತ್ತೆ ಎಡಕ್ಕೆ ತರಬಹುದು, ಒಂದು ನಿಮಿಷದ ಕೆಲಸ. ಕಂಪ್ಯೂಟರ್ ನಿಧಾನ ಆಗಿದೆ ಅಂತಾರೆ. ಒಳಗೆ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ತೆಗೆಸಿ ಎಸ್ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕು, ಹಾಕಿಸಿ. ಇದಕ್ಕೆಲ್ಲ ಇಡೀ ವಿಂಡೋಸ್ ಕಿತ್ತು ಹಾಕುವುದು ಯಾಕೆ?

ಆದರೆ ಕೆಲಸ ನಿಜವಾಗಿ ನಿಂತವರೂ ಇದ್ದಾರೆ. ಅಂಥವರಿಗೆ ಮಾರುವವರು 'ಅದೆಲ್ಲ ಹಳೇ ಕಾಲ ಸ್ವಾಮಿ, ಹೊಸ ಮೆಷಿನ್ ತಗೊಳ್ಳಿ' ಅಂತ ಹೇಳಿ ಕಳಿಸುತ್ತಾರಲ್ಲ, ಅದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಒಂದು ಘಟನೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಆದರೆ ಕಲಿಯುವುದೆಲ್ಲ ಅದರಲ್ಲೇ ಇದೆ.

ನಮ್ಮೂರಿನಲ್ಲೇ ಒಂದು ಸ್ಟಿಕ್ಕರ್ ಅಂಗಡಿ. ಯಜಮಾನರು ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಿಂದ ಈ ಕಸುಬಿನಲ್ಲಿ ಇರುವವರು. ಅವರ ಹತ್ತಿರ ಒಂದು ಕಟಿಂಗ್ ಪ್ಲಾಟರ್, ಅಂದರೆ ಸ್ಟಿಕ್ಕರ್ ಹಾಳೆಯನ್ನು ಬ್ಲೇಡಿನಿಂದ ಅಕ್ಷರದ ಆಕಾರಕ್ಕೆ ಕತ್ತರಿಸುವ ಮೆಷಿನ್ ಇದೆ. ಗಾಡಿ ನಂಬರ್ ಪ್ಲೇಟು, ಲಾರಿ ಮೇಲಿನ ಹೆಸರು, ದೇವಸ್ಥಾನದ ಬೋರ್ಡು, ಎಲ್ಲಾ ಅದರಲ್ಲೇ. ಮಗ ಹೊಸ ಕಂಪ್ಯೂಟರ್ ತಂದ, ವಿಂಡೋಸ್ 11 ಇತ್ತು. ಪ್ಲಾಟರ್ ಜೋಡಿಸಿದರೆ ಅದು ಗುರುತೇ ಹಿಡಿಯಲಿಲ್ಲ. ಕಂಪ್ಯೂಟರ್ ಮಾರಿದ ಅಂಗಡಿಯವನನ್ನು ಕೇಳಿದರೆ ಪ್ಲಾಟರ್ ಬದಲಾಯಿಸಿ ಅಂದ. ಯಜಮಾನರು ನನ್ನ ಮುಂದೆ ಕೂತು ಹೇಳಿದರು, 'ಅಲ್ರಿ, ಮಿಷನ್ ಕೆಟ್ಟಿಲ್ಲ, ಬ್ಲೇಡ್ ಚೂಪಾಗೈತೆ, ನಾನ್ಯಾಕ್ ಬಿಸಾಕ್ಲಿ?'

ಎಷ್ಟು ಸರಿಯಾದ ಮಾತು ಅಲ್ವಾ! ತೊಂದರೆ ಇದ್ದದ್ದು ಡ್ರೈವರಿನಲ್ಲಿ, ಅಂದರೆ ಮೆಷಿನ್ನನ್ನು ವಿಂಡೋಸ್‌ಗೆ ಪರಿಚಯ ಮಾಡಿಸುವ ಸಣ್ಣ ಸಾಫ್ಟ್‌ವೇರಿನಲ್ಲಿ. ವಿಂಡೋಸ್‌ನಲ್ಲಿ ಹಳೇ 32 ಬಿಟ್, ಹೊಸ 64 ಬಿಟ್ ಅಂತ ಎರಡು ಬಗೆ. ಆ ಪ್ಲಾಟರಿಗೆ ಕಂಪನಿ ಮಾಡಿದ್ದು 32 ಬಿಟ್ ಡ್ರೈವರ್ ಒಂದೇ. 64 ಬಿಟ್ ವಿಂಡೋಸ್ ಒಳಗೆ 32 ಬಿಟ್ ಪ್ರೋಗ್ರಾಂ ಓಡುತ್ತದೆ, ಆದರೆ 32 ಬಿಟ್ ಡ್ರೈವರ್ ಓಡುವುದಿಲ್ಲ. ವಿಂಡೋಸ್ 10ರವರೆಗೆ 32 ಬಿಟ್ ಆವೃತ್ತಿ ಸಿಗುತ್ತಿತ್ತು. 11ಕ್ಕೆ ಅದು ಇಲ್ಲವೇ ಇಲ್ಲ. ಅಂದರೆ ಎಷ್ಟೇ ಗುದ್ದಾಡಿದರೂ 11ರಲ್ಲಿ ಆ ಪ್ಲಾಟರ್ ನಡೆಯುವುದಿಲ್ಲ. ಯಾವ ಕೆಲಸ ನಿಂತಿದೆ ಅನ್ನುವುದಕ್ಕೆ ಇಲ್ಲಿ ಗಟ್ಟಿ ಉತ್ತರ ಇತ್ತು.

ಮಗ ಹುರುಪಿನ ಹುಡುಗ. ಹೊಸ ಕಂಪ್ಯೂಟರಿಗೇ ವಿಂಡೋಸ್ 7 ಹಾಕೋಣ ಅಂದ. ಡಿವಿಡಿ ಡ್ರೈವ್ ತಂದು ಜೋಡಿಸಿ ಶುರು ಮಾಡಿದ. ನೀಲಿ ಪರದೆ ಬಂತು, ಭಾಷೆ ಆರಿಸಿ ಅಂತ ಕೇಳಿತು. ಆರಿಸೋಣ ಅಂದರೆ ಮೌಸ್ ಅಲ್ಲಾಡುವುದಿಲ್ಲ, ಕೀಬೋರ್ಡ್ ಒತ್ತಿದರೆ ಉತ್ತರವೇ ಇಲ್ಲ. ಯಾಕೆ ಗೊತ್ತಾ? ವಿಂಡೋಸ್ 7 ಬಂದದ್ದು 2009ರಲ್ಲಿ. ಅದರ ಡಿವಿಡಿಯಲ್ಲಿ ಯುಎಸ್‌ಬಿ 3ರ ಡ್ರೈವರ್ ಇಲ್ಲ. ಮೌಸು, ಕೀಬೋರ್ಡು ಎರಡೂ ಅಂಥ ಪೋರ್ಟಿಗೇ ಸಿಕ್ಕಿಸಿದ್ದವು. ಹುಡುಗ ಅಟ್ಟ ಹತ್ತಿ ದುಂಡು ಪಿನ್ನಿನ ಹಳೇ ಕೀಬೋರ್ಡ್ ಹುಡುಕಿ ತಂದ. ಪುಣ್ಯಕ್ಕೆ ಹೊಸ ಬೋರ್ಡಿನಲ್ಲಿ ಆ ದುಂಡು ತೂತು ಇತ್ತು! ಮುಂದೆ ಹೋದರೆ ಡಿಸ್ಕೇ ಕಾಣಿಸುತ್ತಿಲ್ಲ. ಅದು ಎನ್‌ವಿಎಂಇ ಅನ್ನುವ ಹೊಸ ನಮೂನೆಯ ಡಿಸ್ಕು, ವಿಂಡೋಸ್ 7ಕ್ಕೆ ಅದರ ಪರಿಚಯವೂ ಇಲ್ಲ. ಇದನ್ನೆಲ್ಲ ಡಿವಿಡಿಗೆ ಸೇರಿಸುವ ದಾರಿಗಳಿವೆ. ಆದರೆ ಅಷ್ಟು ಮಾಡಿದ ಮೇಲೂ ಪರದೆಗೆ ಡ್ರೈವರ್ ಸಿಗಬೇಕಲ್ಲ. ನಾನು ಅಲ್ಲಿಗೆ ನಿಲ್ಲಿಸಿ ಅಂದೆ.

ಮೆಟ್ಟಿಲ ಕೆಳಗೆ ಅವರ ಹಳೇ ಕಂಪ್ಯೂಟರ್ ಬಿದ್ದಿತ್ತು, ಮೇಲೆ ಮಂಡಕ್ಕಿ ಚೀಲ. ಕೊರೊನಾ ಕಾಲದಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆ ಅಂತ ಅದಕ್ಕೆ 64 ಬಿಟ್ ವಿಂಡೋಸ್ 10 ಹಾಕಿಸಿದ್ದರಂತೆ. ಚೀಲ ಇಳಿಸಿ, ಧೂಳು ಹೊಡೆದು, ಅದಕ್ಕೆ 32 ಬಿಟ್ ವಿಂಡೋಸ್ 7 ಹಾಕಿದೆವು. ಕ್ಯಾಬಿನೆಟ್ ಮೇಲಿನ ಸ್ಟಿಕ್ಕರಿನಲ್ಲಿ ಲೈಸೆನ್ಸ್ ಕೀ ಇನ್ನೂ ಓದುವ ಹಾಗೆ ಇತ್ತು. ಪ್ಲಾಟರ್ ಸಿಕ್ಕಿಸಿದ ಕೂಡಲೇ ಬ್ಲೇಡ್ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓಡಿತು. ಯಜಮಾನರು ಎದ್ದು ನಿಂತುಬಿಟ್ಟರು. ಈಗ ಡಿಸೈನ್ ಹೊಸದರಲ್ಲಿ, ಕತ್ತರಿಸುವುದು ಹಳೇದರಲ್ಲಿ. ಪ್ಲಾಟರ್ ಖರ್ಚು ಉಳಿಯಿತು. ಹಳೇ ವಿಂಡೋಸ್‌ಗೆ ಹಳೇ ಮೆಷಿನ್ನೇ ಸರಿ, ಇದನ್ನು ಬರೆದಿಟ್ಟುಕೊಳ್ಳಿ.

ಇನ್ನು ಕನ್ನಡದ ವಿಷಯ. ಪ್ರೆಸ್ಸಿನವರು ಜಾಸ್ತಿ ಹೇಳುವುದು ಇದನ್ನೇ. 'ಹೊಸ ವಿಂಡೋಸ್‌ನಲ್ಲಿ ಲಗ್ನಪತ್ರಿಕೆ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಚಿತ್ರಾನ್ನ ಕಾಣುತ್ತೆ, ಹಳೇದು ಹಾಕಿ.' ಅಯ್ಯೋ, ಇದಕ್ಕೆ ವಿಂಡೋಸ್ ಕಾರಣವೇ ಅಲ್ಲ. 'ನುಡಿ' ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕೆಳಗಿನ ಇಂಗ್ಲಿಷ್ ಎದ್ದು ಬರುತ್ತದೆ, ಅಷ್ಟೇ. ಹಳೇ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರ್ ಕಾಪಿ ಮಾಡಿ ತಂದು ಹಾಕಿ, ಅಕ್ಷರ ಬರುತ್ತದೆ. ಅದರ ಜೊತೆಗೆ, ದಯವಿಟ್ಟು, ನಿಮ್ಮ ಪಠ್ಯವನ್ನು ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಜಾಗ ಇರುವ ಪದ್ಧತಿಗೆ, ಬದಲಾಯಿಸಿ ಇಟ್ಟುಕೊಳ್ಳಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಕೀಲಿಮಣೆ ಬದಲಾಗುತ್ತದೆ ಅಂತ ಹೆದರಬೇಡಿ. ಕೆ.ಪಿ. ರಾವ್ ಅವರು ರೂಪಿಸಿದ ಅದೇ ವಿನ್ಯಾಸದಲ್ಲಿ ಯೂನಿಕೋಡ್ ಕೂಡ ಟೈಪ್ ಮಾಡಬಹುದು. ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ ಬಿಡಲಾರದವರ ಕಷ್ಟ ನನಗೆ ಗೊತ್ತು. ಅದರ 7ನೇ ಆವೃತ್ತಿ ಬಂದದ್ದು 2001ರಲ್ಲಿ, ಅದೇ ಕೊನೆಯ ದೊಡ್ಡ ಆವೃತ್ತಿ. ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಅಂಥವರು ಒಂದು ಹಳೇ ಮೆಷಿನ್ ಇಟ್ಟುಕೊಳ್ಳಿ, ಹೊಸ ಕೆಲಸವನ್ನು ಬೇರೆಡೆ ಶುರು ಮಾಡಿ.

ಸರಿ, ಕೆಲಸ ನಿಂತಿದೆ, ವಾಪಸ್ ಹೋಗಲೇಬೇಕು ಅಂತಿಟ್ಟುಕೊಳ್ಳಿ. ದಾರಿ ಯಾವುದು? 10 ಇದ್ದ ಕಂಪ್ಯೂಟರಿಗೆ ನೀವೇ 11 ಹಾಕಿಕೊಂಡಿದ್ದರೆ, ಮೊದಲ 10 ದಿನ ಸುಲಭ. ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ, ಅಲ್ಲಿ 'ಗೋ ಬ್ಯಾಕ್' ಬಟನ್ ಇದೆ. ಸಿ ಡ್ರೈವಿನಲ್ಲಿ ವಿಂಡೋಸ್.ಓಲ್ಡ್ ಅಂತ ಒಂದು ಫೋಲ್ಡರ್ ಇರುತ್ತದಲ್ಲ, ಹಳೇದೆಲ್ಲ ಅದರಲ್ಲಿ ಕೂತಿರುತ್ತದೆ. ಜಾಗ ಸಾಲದು ಅಂತ ಅದನ್ನು ಅಳಿಸಿದಿರೋ, ಆ ಬಟನ್ನಿನ ಕಥೆ ಮುಗಿಯಿತು. 10 ದಿನ ಸಾಲದು ಅನ್ನುವವರು ವಿಂಡೋಸ್ ಒಳಗೇ ಇರುವ ಡಿಸ್ಮ್ (DISM) ಅನ್ನುವ ಕಮಾಂಡ್ ಕೊಟ್ಟು ಗಡುವನ್ನು 60 ದಿನಕ್ಕೆ ಎಳೆಯಬಹುದು, ಆದರೆ 10 ದಿನ ಮುಗಿಯುವ ಮುಂಚೆಯೇ ಕೊಡಬೇಕು. ಹೊಸದಾಗಿ ಕೊಂಡು ತಂದದ್ದಾದರೆ ಹಿಂದೆ ಹೋಗಲು ಏನೂ ಇಲ್ಲ, ಪೂರ್ತಿ ಅಳಿಸಿ ಹಾಕಬೇಕು. 11 ಪ್ರೊ ಜೊತೆ ಬಂದ ಕಂಪ್ಯೂಟರಿಗೆ 10 ಪ್ರೊ ಹಾಕಿಕೊಳ್ಳುವ ಹಕ್ಕು ಲೈಸೆನ್ಸಿನಲ್ಲೇ ಇದೆ. ಹೋಮ್ ಆವೃತ್ತಿಗೆ ಆ ಹಕ್ಕಿಲ್ಲ. ಕೊಳ್ಳುವಾಗಲೇ ಇದನ್ನು ಕೇಳಿ.

ಅಳಿಸುವ ಮುಂಚೆ ಫೈಲುಗಳನ್ನು ಹೊರಗೆ ತೆಗೆಯಿರಿ. ಟ್ಯಾಲಿ ಡೇಟಾ, ಫಾಂಟ್ಸ್, ಡೆಸ್ಕ್‌ಟಾಪ್ ಮೇಲೆ ರಾಶಿ ಬಿದ್ದದ್ದು, ವಾಟ್ಸಾಪಿನಿಂದ ಇಳಿಸಿಕೊಂಡ ಗಿರಾಕಿಗಳ ಫೋಟೋ, ಎಲ್ಲವನ್ನೂ. ಕಾಪಿ ಮಾಡಿದ ಡಿಸ್ಕನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಆಮೇಲೆ ಮುಂದಿನ ಹೆಜ್ಜೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ತಾನಾಗಿಯೇ ಆನ್ ಆಗಿರಬಹುದು. ಅದರ 48 ಅಂಕಿಯ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಮೊದಲು ಬರೆದಿಟ್ಟುಕೊಳ್ಳಿ.

ಪೆನ್‌ಡ್ರೈವಿನಲ್ಲಿ 'ರೆಡಿ ವಿಂಡೋಸ್ 7, ಕೀ ಬೇಡ, ಎಲ್ಲಾ ಸಾಫ್ಟ್‌ವೇರ್ ಒಳಗೇ ಇದೆ' ಅಂತ ತಂದುಕೊಡುವವರಿದ್ದಾರೆ. ಮುಟ್ಟಬೇಡಿ. ಒಳಗೆ ಇನ್ನೇನಿದೆ ಅಂತ ಕೊಟ್ಟವನಿಗೂ ಗೊತ್ತಿರುವುದಿಲ್ಲ. ನಿಮ್ಮ ಮೂಲ ಡಿವಿಡಿಯನ್ನು ಬೀರುವಿನಲ್ಲಿ ಭದ್ರವಾಗಿ ಇಡಿ.

ಈಗ ಮುಖ್ಯ ಎಚ್ಚರಿಕೆ. ಹಳೇ ವಿಂಡೋಸ್ ಹಾಕಿದ ಮೆಷಿನ್ನಿಗೆ ನೆಟ್ ಕೊಡಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಾಕ್ರೈ ವೈರಸ್ ಬಂತಲ್ಲ, ಆಂಧ್ರದ ಪೊಲೀಸ್ ಕಂಪ್ಯೂಟರುಗಳಿಗೂ ತಗುಲಿತು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರ ಫೈಲುಗಳಿಗೆ ಬೀಗ ಬಿತ್ತು. ವಿಂಡೋಸ್ 7ಕ್ಕೆ ಮಾಮೂಲಿ ಅಪ್‌ಡೇಟ್ ನಿಂತದ್ದು 2020ರ ಜನವರಿ 14ಕ್ಕೆ. ಕ್ರೋಮ್ ಕೂಡ 109ನೇ ಆವೃತ್ತಿಯ ನಂತರ ಅದರ ಕೈ ಬಿಟ್ಟಿತು. ಅಂಥದ್ದರಲ್ಲಿ ಬ್ಯಾಂಕ್, ಜಿಎಸ್‌ಟಿ ಮಾಡುವುದು ಬೇಡವೇ ಬೇಡ. ಪೆನ್‌ಡ್ರೈವನ್ನೂ ಹೊಸದರಲ್ಲಿ ಸ್ಕ್ಯಾನ್ ಮಾಡಿಯೇ ಹಾಕಿ. 10ರಲ್ಲಿ ಇರುವವರಿಗೆ ಇನ್ನೊಂದು ದಾರಿ ಇದೆ. ಇಎಸ್‌ಯು ಅಂತ ನೋಂದಣಿ ಮಾಡಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ.

ಚೀಟಿ ಬಂತು, ಸಮಯ ಆಯಿತಂತೆ. ಮೊಬೈಲ್ ಬಗ್ಗೆ ಕೇಳಿದ್ದರು. ಐಫೋನ್‌ನಲ್ಲಿ ಹಳೇ ಆವೃತ್ತಿಗೆ ಆ್ಯಪಲ್ ಒಪ್ಪಿಗೆ ಕೊಡುವುದನ್ನು ನಿಲ್ಲಿಸಿದ ಮೇಲೆ ವಾಪಸ್ ಹೋಗಲಿಕ್ಕೆ ಆಗುವುದಿಲ್ಲ. ಆಂಡ್ರಾಯ್ಡ್ ಕಂಪನಿಗೊಂದು ಥರ. ಲಿನಕ್ಸ್ ಬಗ್ಗೆ ಇನ್ನೊಂದು ಸಂಜೆ ಕೂರೋಣ.

ಹೊರಗೆ ಚಹಾ ಇಟ್ಟಿದ್ದಾರೆ. ನಾನು ಬಾಗಿಲ ಪಕ್ಕದ ಟೇಬಲ್ಲಿನಲ್ಲಿ ಇರುತ್ತೇನೆ. ಬರುವವರು ಒಂದು ಚೀಟಿಯಲ್ಲಿ ಮೆಷಿನ್ನಿನ ಹೆಸರು, ಈಗಿರುವ ವಿಂಡೋಸ್, ನಿಂತಿರುವ ಕೆಲಸ ಯಾವುದು, ಈ ಮೂರನ್ನು ಬರೆದುಕೊಂಡು ಬನ್ನಿ.